ರಿಫಂಡ್ ಮೇಲ್ ಬಂದ ಭಾನುವಾರ

2025ರ ನವೆಂಬರ್, ನಮ್ಮ ಮನೆಯವರ ವಾಟ್ಸಾಪ್ ಗುಂಪು. ಬ್ಯಾಂಕ್ ಕೌಂಟರಿನಲ್ಲಿ ಕೆಲಸ ಮಾಡೋಳು ಅಂತ ಇಂಥದ್ದಕ್ಕೆಲ್ಲ ನನ್ನನ್ನೇ ಕೇಳ್ತಾರೆ. ಅವತ್ತು ಮಾತ್ರ ಯಾರೂ ಕೇಳಲಿಲ್ಲ.

ದೊಡ್ಡಪ್ಪ (8.12): ತೆರಿಗೆ ಇಲಾಖೆಯಿಂದ ಬಂದ ಮೇಲ್‌ನ ಫೋಟೋ ಹಾಕಿದೀನಿ, ನೋಡಿ. ರಿಫಂಡ್ 18,640 ರೂಪಾಯಿ ಮಂಜೂರಾಗಿದೆ. 24 ಗಂಟೆಯೊಳಗೆ ಲಿಂಕ್ ಒತ್ತಿ, ಕಾರ್ಡ್ ನಂಬರ್ ಹಾಕಿ ಖಾತೆ ದೃಢೀಕರಿಸಬೇಕಂತೆ. ರಿಟರ್ನ್ ಹಾಕಿ ಕಾಯ್ತಿರೋರು ನಿಮ್ಮ ಮೇಲ್ ಕೂಡ ತೆಗೆದು ನೋಡ್ಕೊಳ್ಳಿ.

ಚಿಕ್ಕಪ್ಪ: ನಂಗೂ ಬಂದಿದೆ ಅಣ್ಣ!

ನಾನು: ದಯವಿಟ್ಟು ಯಾರೂ ಲಿಂಕ್ ಒತ್ತಬೇಡಿ. ದೊಡ್ಡಪ್ಪ, ಫೋಟೋ ಅಳಿಸಿ, ನಿಮ್ಮ ಪ್ಯಾನ್ ಕಾಣ್ತಿದೆ.

ದೊಡ್ಡಪ್ಪ: ಪ್ಯಾನ್ ಸರಿಯಾಗಿದೆ ಅಂತಲೇ ನಾನು ನಂಬಿದ್ದು. ಕಳ್ಳನಿಗೆ ನನ್ನ ಪ್ಯಾನ್ ಹೇಗಮ್ಮ ಗೊತ್ತಾಗತ್ತೆ? ಇಲಾಖೆಯ ಬೆಂಗಳೂರು ಕೇಂದ್ರ, ಸಿಪಿಸಿ ಹೆಸರೂ ಇದೆ.

ನಾನು: ಒಡವೆ ಅಂಗಡಿ, ಸೈಟಿನ ಬ್ರೋಕರ್, ಸಾಲದ ಏಜೆಂಟ್, ಎಷ್ಟು ಕಡೆ ಪ್ಯಾನ್ ಜೆರಾಕ್ಸ್ ಕೊಟ್ಟಿದೀವಿ ಹೇಳಿ. ರಿಟರ್ನ್‌ಗಳನ್ನ ಬೆಂಗಳೂರಿನ ಸಿಪಿಸಿಯಲ್ಲಿ ನೋಡೋದು ನಿಜ. ಅದು ಕಳ್ಳನಿಗೂ ಗೊತ್ತು.

ಮೈಸೂರು ಮಾವ: ಲಿಂಕಲ್ಲಿ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಅಂತಲೇ ಇದೆಯಲ್ಲ. ಬೀಗದ ಗುರುತೂ ಇದೆ.

ನಾನು: ಅಲ್ಲಿಗೇ ನಿಲ್ಲಬೇಡಿ ಮಾವ, ಮುಂದೆ ಓದಿ. ‘ಇನ್’ ಆದ ಮೇಲೆ ಅಡ್ಡಗೀಟು ಬಂದಿಲ್ಲ, ಇನ್ನೊಂದು ಡಾಟ್ ಬಂದಿದೆ. ಆಮೇಲೆ ರಿಫಂಡ್ ಅಂತ ಏನೋ ಇದೆ, ಕಡೆಗೆ ಡಾಟ್ ಕಾಮ್. ಆ ಕಡೇ ತುಂಡೇ ಯಜಮಾನ. ಲಕೋಟೆ ಮೇಲೆ ನಾಲ್ಕು ಸಲ ಬೆಂಗಳೂರು ಅಂತ ಬರೆದು ಕಡೇ ಸಾಲಲ್ಲಿ ಬೇರೆ ಊರಿನ ಪಿನ್‌ಕೋಡ್ ಹಾಕಿದ ಹಾಗೆ. ಬೀಗ ಇದ್ರೆ ದಾರೀಲಿ ಯಾರೂ ಕದ್ದು ಓದಲ್ಲ, ಅಷ್ಟೇ. ಬಾಗಿಲ ಹಿಂದೆ ಯಾರಿದ್ದಾರೆ ಅಂತ ಅದು ಹೇಳಲ್ಲ.

ಚಿಕ್ಕಪ್ಪ: ನಿಂಗೆ ಎಲ್ಲದಕ್ಕೂ ಅನುಮಾನ. ಹೋದ ತಿಂಗಳು ಬ್ಯಾಂಕಿನ ವೆಬ್ ವಿಳಾಸ ಬದಲಾಗಿದೆ ಅಂತ ಮೇಲ್ ಬಂತು, ಸುಳ್ಳು ಅಂದ್ಕೊಂಡೆ, ನಿಜವಾಗಿತ್ತು. ಹೋದ ವರ್ಷ ರಿಟರ್ನ್ ನೋಡಿ ಆಯ್ತು ಅಂತ ಇಲಾಖೆ ಕಳಿಸೋ 143(1) ಮೇಲ್ ಸ್ಪ್ಯಾಮಲ್ಲಿ ಬಿದ್ದಿತ್ತು. ಎಲ್ಲಾ ಮೋಸ ಅಂತ ಕೂತ್ರೆ ನಮ್ಮ ದುಡ್ಡು ನಾವೇ ಬಿಡಬೇಕಾಗತ್ತೆ.

ಚಿಕ್ಕಪ್ಪನ ಮಾತಲ್ಲಿ ನ್ಯಾಯ ಇತ್ತು. ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೋಗಿ ಅಂತ ಬ್ಯಾಂಕುಗಳಿಗೆ ಹೇಳಿದ್ದು ರಿಸರ್ವ್ ಬ್ಯಾಂಕೇ. ರಿಟರ್ನ್ ಹಾಕೋ ಕಡೇ ದಿನ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ 16ಕ್ಕೆ ಹೋಗಿತ್ತು. ಹಾಗಾಗಿ ನವೆಂಬರಲ್ಲೂ ಜನ ರಿಫಂಡ್‌ಗೆ ಕಾಯ್ತಿದ್ರು. ಹಸಿದವನ ಮುಂದೆ ಎಲೆ ಹಾಕಿದ ಹಾಗೆ ಬಂದಿತ್ತು ಆ ಮೇಲ್.

ನಾನು: ಚಿಕ್ಕಪ್ಪ, ಇದು ನಿಜವೋ ಸುಳ್ಳೋ ಅಂತ ನಾವು ತೀರ್ಮಾನ ಮಾಡೋದೇ ಬೇಡ. ನಿಜವೇ ಆಗಿರ್ಲಿ, ಆದ್ರೂ ಆ ಲಿಂಕ್ ಬೇಡ. ಇಲಾಖೆಯ ಪೋರ್ಟಲ್ ವಿಳಾಸ ನಿಮ್ಮ ಕೈಯಾರೆ ಟೈಪ್ ಮಾಡಿ ಒಳಗೆ ಹೋಗಿ. ರಿಫಂಡ್ ಬಂದಿದ್ರೆ ಅಲ್ಲಿ ಇದ್ದೇ ಇರತ್ತೆ. ದುಡ್ಡು ಬೀಳೋದು ನೀವು ಅಲ್ಲಿ ಮೊದಲೇ ದೃಢೀಕರಿಸಿರೋ ಖಾತೆಗೆ. ಕಾರ್ಡ್ ನಂಬರ್ ಅವರಿಗೆ ಯಾಕೆ ಬೇಕು? ನೋಟಿಸ್ ಅಂತ ಹೆದರಿಸಿದ್ರೂ ಅಷ್ಟೇ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿನ್ ಅನ್ನೋ ಸಂಖ್ಯೆ ಇರತ್ತೆ, ಲಾಗಿನ್ ಆಗದೇನೂ ಪೋರ್ಟಲಲ್ಲಿ ಅದನ್ನ ಪರೀಕ್ಷಿಸಬಹುದು.

ಚಿಕ್ಕಪ್ಪ: ಅಷ್ಟೆಲ್ಲ ಮಾಡೋಕೆ ಯಾರಿಗೆ ಪುರುಸೊತ್ತಿದೆ?

ನಾನು: ಪುರುಸೊತ್ತು ಸಿಗಬಾರದು ಅಂತಲೇ ಅವನು 24 ಗಂಟೆ ಅಂತ ಬರೆದಿರೋದು.

ಆಗ ಬಂತು ಅತ್ತೆಯ ಮೆಸೇಜು. ಅಲ್ಲೀವರೆಗೆ ಒಂದು ಮಾತೂ ಆಡಿರಲಿಲ್ಲ.

ಅತ್ತೆ (8.51): ನಾನು ಬೆಳಿಗ್ಗೆನೇ ಒತ್ತಿದೆ. ಕಾರ್ಡ್ ನಂಬರ್, ಹಿಂದಿರೋ ಮೂರಂಕಿ ಎಲ್ಲಾ ಹಾಕಿದೆ. ಓಟಿಪಿ ಎರಡು ಸಲ ಬಂತು, ಹಾಕಿಲ್ಲ. ನೀವೆಲ್ಲ ಮಾತಾಡೋದು ಓದ್ತಾನೇ ಇದ್ದೆ. ಹೇಳೋಕೆ ನಾಚಿಕೆ ಆಯ್ತು.

ಪಿನ್‌ಕೋಡಿನ ಪಾಠ ಹೇಳ್ತಾ ನಾನು ಕಳೆದ ಹೊತ್ತು ನೆನೆದ್ರೆ ಈಗಲೂ ಸಂಕಟ ಆಗತ್ತೆ. ‘ಯಾರಾದ್ರೂ ಆಗಲೇ ಒತ್ತಿದೀರಾ’ ಅಂತ ಮೊದಲು ಕೇಳಬೇಕಿತ್ತು.

ನಾನು: ಅತ್ತೆ, ನಾಚಿಕೆ ಪಡೋ ವಿಷಯವೇ ಅಲ್ಲ ಇದು. ಓಟಿಪಿ ಯಾರಿಗೂ ಕೊಡಬೇಡಿ. ಕಾರ್ಡಿನ ಹಿಂದಿರೋ ನಂಬರಿಗೆ ಫೋನ್ ಮಾಡಿ ಬ್ಲಾಕ್ ಮಾಡ್ಸಿ, ಈಗಲೇ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡೋಣ. ಬೇಗ ಹೇಳಿದಷ್ಟೂ ಆ ದುಡ್ಡು ತಡೆಹಿಡಿಯೋಕೆ ದಾರಿ ಇರತ್ತೆ.

ದೊಡ್ಡಪ್ಪ (9.05): ಟೈಪ್ ಮಾಡಿ ಪೋರ್ಟಲ್ ಒಳಗೆ ಹೋದೆ. ನನ್ನ ರಿಟರ್ನ್ ಇನ್ನೂ ಸಂಸ್ಕರಣೆಯಲ್ಲಿದೆ ಅಂತಿದೆ. 18,640 ಎಲ್ಲೂ ಇಲ್ಲ. ಫೋಟೋ ಅಳಿಸಿದೀನಿ.

ಚಿಕ್ಕಪ್ಪ: ಅಕ್ಕ, ನಾನು ಹೊರಟೆ, ಹತ್ತು ನಿಮಿಷದಲ್ಲಿ ಅಲ್ಲಿರ್ತೀನಿ.

ಅತ್ತೆ (9.14): ಕಾರ್ಡ್ ಬ್ಲಾಕ್ ಆಯ್ತು. ದುಡ್ಡು ಹೋಗಿಲ್ಲ. ಆದ್ರೆ ಆ ಪುಟದಲ್ಲಿ ಪಾಸ್‌ವರ್ಡೂ ಹಾಕಿದ್ದೆ. ಮೇಲ್‌ಗೂ ಅದೇ ಇಟ್ಟಿದೀನಿ.

ನಾನು: ಹಾಗಾದ್ರೆ ಮೊದಲು ಮೇಲ್‌ದು ಬದಲಾಯಿಸಬೇಕು. ಅದು ಕೈಗೆ ಸಿಕ್ರೆ ಬಾಕಿ ಎಲ್ಲದರ ಪಾಸ್‌ವರ್ಡೂ ಅಲ್ಲಿಂದಲೇ ಬದಲಾಯಿಸಿಬಿಡ್ತಾರೆ. ಫೋನ್ ಮಾಡ್ತಿದೀನಿ, ಎತ್ತಿ.