‘ಕಾಂಬಿ’ ವಿಮಾನಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಸಂಜೆಯೊಳಗೆ ಬೇಕು

ಮಡಿಕೇರಿಯಿಂದ:

ನಮ್ಮ ಸೋದರತ್ತೆ ಅಲಾಸ್ಕಾಕ್ಕೆ ಹೋಗಿಬಂದು ಇಂಗ್ಲಿಷಿನಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಊರಿನ ಸ್ಮರಣ ಸಂಚಿಕೆಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಪುಟಗಳು ಅಚ್ಚಿಗೆ ಹೋಗಬೇಕು, ಒಂದು ಪದಕ್ಕೆ ಕೈ ನಿಂತಿದೆ. ಅವರು ಹಾರಿದ್ದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737-400 ಕಾಂಬಿಯಲ್ಲಿ. ಮುಂದೆ ಸರಕು, ಹಿಂದೆ 72 ಆಸನ, ಹತ್ತುವುದು ಬಾಲದ ಕಡೆಯ ಬಾಗಿಲಿನಿಂದ. ಮೊದಲ ಸಾಲಿನಲ್ಲಿ ಕುಳಿತರೆ ಮೊಣಕಾಲಿನ ಎದುರು ಬರಿಯ ಗೋಡೆ, ಅದರಾಚೆ ಸಾಲ್ಮನ್ ಮೀನು ಎಂದು ಬರೆದಿದ್ದಾರೆ. ‘ಸರಕು-ಪ್ರಯಾಣಿಕ ವಿಮಾನ’ ಎಂದರೆ ಸಾಕೇ? ‘ಮಿಶ್ರ ವಿಮಾನ’?

ಸೋಮವಾರಪೇಟೆಯಿಂದ:

ಎರಡೂ ಬೇಡ. ಸಂಸ್ಕೃತದ ಮುಂದೆ ಕೈಯೊಡ್ಡುವ ಚಾಳಿ ಇನ್ನೂ ಬಿಟ್ಟಿಲ್ಲವೇ? ‘ಹೊರು’ ಎಂಬ ಧಾತುವಿನಿಂದ ಹೊರೆ, ಹಳಗನ್ನಡದಲ್ಲಿ ಪೊಱೆ. ವಿಮಾನಕ್ಕೆ ‘ಬಾನೋಡ’ ಎಂದಿಟ್ಟುಕೊಂಡು ‘ಹೊರೆ-ಪಯಣಿಗ ಬಾನೋಡ’ ಎನ್ನಿ. ಉದ್ದವಾಯಿತು ಎನಿಸಿದರೆ ‘ಇಬ್ಬಳಕೆ ಬಾನೋಡ’.

ಗೋಣಿಕೊಪ್ಪಲಿನಿಂದ:

‘ಪಯಣ’ವೇ ‘ಪ್ರಯಾಣ’ದ ತದ್ಭವ. ಅಚ್ಚಗನ್ನಡದ ಮಾತು ಅಲ್ಲಿಗೆ ಮುಗಿಯಿತು.

‘ಇಬ್ಬಳಕೆ’ಯೂ ಸಲ್ಲದು. ಹಗಲು ಜನರನ್ನು ಒಯ್ದು, ರಾತ್ರಿ ಆಸನಗಳನ್ನು ಹಲಗೆ ಸಮೇತ ಹೊರಗೆಳೆದು ಸರಕು ತುಂಬುವ ವಿಮಾನವೇ ಬೇರೆ ಇದೆ. ಆ ಪದವನ್ನು ಅದಕ್ಕೆ ಇಟ್ಟುಕೊಳ್ಳಿ. ಕಾಂಬಿಯಲ್ಲಿ ಎರಡೂ ಒಂದೇ ಹಾರಾಟದಲ್ಲಿ ಹೋಗುತ್ತವೆ.

ಸೋಮವಾರಪೇಟೆಯಿಂದ:

ಪಯಣ ಸಾವಿರ ವರ್ಷದಿಂದ ನಮ್ಮ ನಾಲಿಗೆಯಲ್ಲಿ ಸವೆದು ನಮ್ಮದಾಗಿದೆ. ನಿನ್ನೆ ಬಂದ ಕಾಂಬಿಯನ್ನು ಅದರ ಪಕ್ಕ ಕೂರಿಸಬೇಡಿ. ಹೀಗೆ ಕಂಡದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ನಾಳೆ ಪದ ಕಟ್ಟುವ ಶಕ್ತಿಯೇ ಉಳಿಯುವುದಿಲ್ಲ.

ಗೋಣಿಕೊಪ್ಪಲಿನಿಂದ:

ತೋಟದಲ್ಲಿ ರೈಟರ್ ಇದ್ದಾರೆ, ಲೈನ್‌ಮನೆ ಇದೆ, ಕಾಫಿಯೇ ಅರಬರ ಕಡೆಯಿಂದ ಬಂದ ಹೆಸರು. ಇವುಗಳಿಂದ ಕೊಡಗಿನ ಕನ್ನಡ ಬಡವಾಗಲಿಲ್ಲ. ತಲೆಮಾರುಗಳಿಂದ ಕೂಲಿಯ ಲೆಕ್ಕ ಬರೆದವರನ್ನು ನಾವು ‘ರೈಟರ್’ ಎಂದೇ ಗೌರವದಿಂದ ಕರೆದಿದ್ದೇವೆ.

ವಿರಾಜಪೇಟೆಯಿಂದ:

ಜಗಳ ಆಮೇಲೆ ಆಗಲಿ, ಕೇಳಿದವರಿಗೆ ಉತ್ತರ ಕೊಡೋಣ.

ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಹೊಟ್ಟೆಯಲ್ಲಿ ಸರಕು ಹೊರುತ್ತವೆ. ಆದ್ದರಿಂದ ‘ಸರಕು-ಪ್ರಯಾಣಿಕ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಕಾಂಬಿಯ ವಿಶೇಷವೆಂದರೆ ಜನ ಕುಳಿತ ಅಂತಸ್ತಿನಲ್ಲೇ, ಅಡ್ಡಗೋಡೆಯ ಆಚೆ, ಸರಕು ಇರುವುದು. ಏರ್ ಇಂಡಿಯಾದ ಬಳಿಯೂ ಎರಡು 747-300 ಕಾಂಬಿಗಳಿದ್ದವು. 747ರಲ್ಲಿ ಸರಕು ಹಿಂದೆ, ನಿಮ್ಮ ಅತ್ತೆಯ 737ರಲ್ಲಿ ಮುಂದೆ. ಹಾಗಾಗಿ ಹಿಂದು ಮುಂದುಗಳನ್ನು ಹೆಸರಿಗೆ ಸೇರಿಸುವಂತಿಲ್ಲ.

‘ಮಿಶ್ರ’, ‘ಬೆರಕೆ’ ಅಂತೂ ಬೇಡವೇ ಬೇಡ. ಬೆರಕೆ ಸೊಪ್ಪಿನಲ್ಲಿ ಎಲೆಗೆ ಎಲೆ ಸೇರಿರುತ್ತದೆ, ಇಲ್ಲಿ ಸೇರಲೇಬಾರದು. 1987ರ ನವೆಂಬರ್ 28ರಂದು ಸೌತ್ ಆಫ್ರಿಕನ್ ಏರ್‌ವೇಸ್‌ನ ‘ಹೆಲ್ಡರ್‌ಬರ್ಗ್’ ಎಂಬ 747 ಕಾಂಬಿ ತೈಪೆಯಿಂದ ಬರುತ್ತ ಮಾರಿಷಸ್ ಬಳಿ ಸಮುದ್ರಕ್ಕೆ ಬಿತ್ತು. ಜನರಿದ್ದ ಅಂತಸ್ತಿನ ಸರಕಿಗೆ ಬೆಂಕಿ ಹತ್ತಿತ್ತು, 159 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಮೇಲೆ ಕಾಂಬಿಗಳ ಬೆಂಕಿ ತಡೆಯ ನಿಯಮಗಳು ಬಿಗಿಯಾದವು. ಆ ಗೋಡೆಯನ್ನು ಮರೆಸುವ ಯಾವ ಪದವೂ ನನಗೆ ಒಪ್ಪಿಗೆಯಿಲ್ಲ.

ಮೊದಲ ಸಲ ‘ಕಾಂಬಿ ವಿಮಾನ’ ಎಂದು ಬರೆದು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ. ಮುಂದೆ ‘ಕಾಂಬಿ’ ಸಾಕು.

ಸೋಮವಾರಪೇಟೆಯಿಂದ:

ಗೋಡೆ ಮುಖ್ಯವಾದರೆ ‘ಅಡ್ಡಗೋಡೆ ಬಾನೋಡ’ ಎನ್ನಲು ಏನು ಅಡ್ಡಿ? ಕಾಂಬಿಗೆ ನನ್ನ ಒಪ್ಪಿಗೆ ಇಲ್ಲ, ದಾಖಲಾಗಿರಲಿ.

ಮಡಿಕೇರಿಯಿಂದ:

ಎಲ್ಲರಿಗೂ ವಂದನೆಗಳು. ಹೀಗೆ ಕಳುಹಿಸಿದೆ: “ನಾವು ಹತ್ತಿದ್ದು ಕಾಂಬಿ ವಿಮಾನ, ಒಂದೇ ಅಂತಸ್ತಿನಲ್ಲಿ ಅಡ್ಡಗೋಡೆಯ ಈಚೆ ನಾವು, ಆಚೆ ಮೀನಿನ ಪೆಟ್ಟಿಗೆಗಳು.” ‘ಅಡ್ಡಗೋಡೆ’ ಸೋಮವಾರಪೇಟೆಯವರ ಪತ್ರ ಬರುವ ಮೊದಲೇ ವಾಕ್ಯದಲ್ಲಿತ್ತು. ‘ಬಾನೋಡ’ವನ್ನು ಮಾತ್ರ ಅತ್ತೆ ಒಪ್ಪಲಿಲ್ಲ.