ಜಾಗತಿಕ ಕ್ರೀಡಾಕೂಟಗಳ ಖರ್ಚು ಯಾರ ಹೆಗಲಿಗೆ?

ಪ್ರಶ್ನೆ – ದೈಹಿಕ ಶಿಕ್ಷಕ, ಕುಂದಾಪುರ

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ; 2036ರ ಒಲಿಂಪಿಕ್ಸ್‌ಗೂ ಭಾರತ 2024ರಲ್ಲೇ ಆಸಕ್ತಿ ಪತ್ರ ಸಲ್ಲಿಸಿದೆ. ನಮ್ಮ ಶಿಕ್ಷಕರ ಬಳಗದ ಸಂಭ್ರಮದಲ್ಲಿ ಪಾಲ್ಗೊಳ್ಳಲು ನನಗೆ ಮನಸ್ಸಾಗುತ್ತಿಲ್ಲ. ನಮ್ಮ ಶಾಲೆಯ ಉದ್ದಜಿಗಿತದ ಗುಂಡಿಯಲ್ಲಿ ಮರಳಿಗಿಂತ ಮುರಕಲ್ಲಿನ ಹರಳೇ ಹೆಚ್ಚು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳ ಅಭ್ಯಾಸವೆಲ್ಲ ಜಗಲಿಯಲ್ಲೇ. ಇಂಥ ಕೂಟಗಳಿಗೆ ಸುರಿದ ಹಣದಿಂದ ಆತಿಥ್ಯ ವಹಿಸಿದ ಊರುಗಳಿಗೆ ಏನು ಉಳಿದಿದೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ – ಲೆಕ್ಕಪರಿಶೋಧಕಿ, ಮಂಗಳೂರು

ಮಾನ್ಯರೇ, ಅನೇಕ ಕಡೆ ಉಳಿದಿರುವುದು ಸಾಲ. 1976ರಲ್ಲಿ ಒಲಿಂಪಿಕ್ಸ್ ನಡೆಸಿದ ಮಾಂಟ್ರಿಯಲ್ ಅದರ ಸಾಲ ತೀರಿಸಿ ಮುಗಿಸಿದ್ದು 2006ರಲ್ಲಿ. ಕೂಟ ಮುಗಿದ ಮೇಲೆ ಹುಟ್ಟಿದವರೂ ಅದಕ್ಕಾಗಿ ತೆರಿಗೆ ಕಟ್ಟಿದರು. 2014ರ ಫುಟ್‌ಬಾಲ್ ವಿಶ್ವಕಪ್ಪಿಗಾಗಿ ಬ್ರೆಜಿಲ್ ದೇಶವು ಅಮೆಜಾನ್ ಕಾಡಿನ ನಡುವಿನ ಮನಾಉಸ್ ನಗರದಲ್ಲಿ ಸುಮಾರು 40,000 ಆಸನಗಳ ಕ್ರೀಡಾಂಗಣ ಕಟ್ಟಿತು. ಆ ವಿಶ್ವಕಪ್ಪಿನ ನಾಲ್ಕೇ ಪಂದ್ಯಗಳು ಅಲ್ಲಿ ನಡೆದವು; ಅಷ್ಟು ಆಸನಗಳನ್ನು ತುಂಬಿಸಬಲ್ಲ ದೊಡ್ಡ ತಂಡ ಆ ಊರಿನಲ್ಲಿ ಇರಲಿಲ್ಲ.

ಖರ್ಚು ಅಂದಾಜು ಮೀರುವುದಕ್ಕೆ ಭ್ರಷ್ಟಾಚಾರವೊಂದೇ ಕಾರಣವಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ಪಂಪ್‌ವೆಲ್ ಮೇಲ್ಸೇತುವೆಯ ಕಾಮಗಾರಿ ವರ್ಷಗಟ್ಟಲೆ ಎಳೆದು 2020ರಲ್ಲಿ ಮುಗಿಯಿತು, ಬೈದುಕೊಂಡೇ ಕಾದೆವು. ಆದರೆ ಉದ್ಘಾಟನೆಯ ದಿನ ವರ್ಷಗಳ ಮೊದಲೇ ನಿಗದಿಯಾಗಿ, ಜಗತ್ತಿಗೆಲ್ಲ ಮಾತು ಕೊಟ್ಟಾಗಿರುವ ಕೂಟಕ್ಕೆ ಹಾಗೆ ಕಾಯುವ ಅವಕಾಶವಿಲ್ಲದ್ದರಿಂದ, ಕೊನೆಯ ತಿಂಗಳುಗಳಲ್ಲಿ ಗುತ್ತಿಗೆದಾರ ಹೇಳಿದ್ದೇ ದರವಾಗುತ್ತದೆ. ದೆಹಲಿಯ 2010ರ ಕೂಟದಲ್ಲಿಯೂ ಕಾಮಗಾರಿ ಕೊನೆಯ ಗಳಿಗೆಗೆ ಬಂದು ನಿಂತಿತ್ತು. ಉದ್ಘಾಟನೆಗೆ ಕೆಲವೇ ದಿನಗಳಿರುವಾಗ ಮುಖ್ಯ ಕ್ರೀಡಾಂಗಣದ ಬಳಿಯ ಕಾಲ್ಸೇತುವೆ ಕುಸಿಯಿತು.

ಉತ್ತರ – ಕ್ರೀಡಾಭಿಮಾನಿ, ಮಣಿಪಾಲ

ಎಲ್ಲ ಕೂಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 1984ರಲ್ಲಿ ಲಾಸ್ ಏಂಜಲೀಸ್ 20 ಕೋಟಿ ಡಾಲರಿಗೂ ಮಿಕ್ಕಿ ಉಳಿಸಿತು. 1932ರ ಒಲಿಂಪಿಕ್ಸ್ ನಡೆದ ಕ್ರೀಡಾಂಗಣವನ್ನೇ ಮತ್ತೆ ಬಳಸಿ, ಕ್ರೀಡಾಪಟುಗಳನ್ನು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳಲ್ಲಿ ಇಳಿಸಿದ್ದರಿಂದ ಅದು ಸಾಧ್ಯವಾಯಿತು.

ಉತ್ತರ – ಲೆಕ್ಕಪರಿಶೋಧಕಿ, ಮಂಗಳೂರು

ತಾವು ಹೇಳಿದ್ದು ನಿಜ. ಆದರೆ ಮಾಂಟ್ರಿಯಲ್‌ನ ಪಾಡು ನೋಡಿ ಉಳಿದ ನಗರಗಳು ಹಿಂಜರಿದಿದ್ದರಿಂದ ಕಣದಲ್ಲಿ ಕೊನೆಗೆ ಉಳಿದದ್ದು ಲಾಸ್ ಏಂಜಲೀಸ್ ಒಂದೇ. ಹಾಗಾಗಿ ನಷ್ಟದ ಹೊಣೆ ನಗರದ ಮೇಲೆ ಬೀಳದಂತೆ ಷರತ್ತು ಹಾಕುವ ಬಲ ಅದಕ್ಕಿತ್ತು. ಪೈಪೋಟಿಗೆ ಬಿದ್ದು ಆತಿಥ್ಯ ಬೇಡುವವರಿಗೆ ಆ ಬಲ ಇರುವುದಿಲ್ಲ.

ಉತ್ತರ – ನಿವೃತ್ತ ಉಪನ್ಯಾಸಕ, ಉಡುಪಿ

2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು ಖರ್ಚು 260 ಕೋಟಿ ಆಸ್ಟ್ರೇಲಿಯನ್ ಡಾಲರಿನಿಂದ 600 ಕೋಟಿಗೂ ಮೇಲೆ ಹೋಗಬಹುದೆಂದು ಕಂಡಾಗ, 2023ರಲ್ಲಿ ಬಹಿರಂಗವಾಗಿ ಹಿಂದೆ ಸರಿಯಿತು. ಅಂಥ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಇನ್ನು ಶಿಕ್ಷಕರ ಪ್ರಶ್ನೆಗೆ ಬಂದರೆ, 2018 ಮತ್ತು 2022ರ ಕಾಮನ್‌ವೆಲ್ತ್ ಕೂಟಗಳಲ್ಲಿ ಪದಕ ಗೆದ್ದ ತಮ್ಮದೇ ತಾಲ್ಲೂಕಿನ ಗುರುರಾಜ ಪೂಜಾರಿಯವರು ಭಾರ ಎತ್ತುವುದನ್ನು ರೂಢಿಸಿಕೊಂಡದ್ದು ಉಜಿರೆಯ ಕಾಲೇಜಿನಲ್ಲಿ. ಒಂದು ಕೋಣೆ, ಕಬ್ಬಿಣದ ತೂಕಗಳು, ನಿತ್ಯ ಎದುರಿಗೆ ನಿಲ್ಲುವ ತರಬೇತುದಾರ ಮತ್ತು ಹೊಟ್ಟೆ ತುಂಬ ಒಳ್ಳೆಯ ಊಟ: ತಾಲ್ಲೂಕಿಗೊಂದರಂತೆ ಇಷ್ಟನ್ನು ಒದಗಿಸುವುದಕ್ಕೆ ಅನುದಾನ ಮೊದಲು ಬರಲಿ, ಆತಿಥ್ಯದ ಮಾತು ಆಮೇಲೆ.