ಆನ್‌ಲೈನ್‌ನಲ್ಲಿ ಝಕಾತ್ ಕೊಡ್ತೀರಾ?

ದಮ್ಮಾಮ್_ಕನ್ನಡಿಗ:
ರಂಝಾನ್ ಬಂತೆಂದರೆ ವಾಟ್ಸಾಪ್ ತುಂಬ ಕ್ರೌಡ್‌ಫಂಡಿಂಗ್ ಲಿಂಕ್‌ಗಳು. ನಿನ್ನೆಯೂ ಒಂದು ಬಂತು, ಮಗುವಿನ ಹೃದಯದ ಆಪರೇಷನ್ನಿಗೆ. ಕೆಳಗೆ 'ಝಕಾತ್ ಕೊಡಬಹುದು' ಎಂದು ಬರೆದಿತ್ತು. ಝಕಾತ್ ನಮಗೆ ಕಡ್ಡಾಯ ದಾನ, ಕೊಡುವ ಮನಸ್ಸಿದೆ, ಧೈರ್ಯ ಬರುತ್ತಿಲ್ಲ. ಊರಲ್ಲಿದ್ದಾಗ ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅಂತ ಗೊತ್ತಾಗುತ್ತಿತ್ತು. ಇಲ್ಲಿ ಸೌದಿಯಲ್ಲಿ ಕೂತು ಯಾರನ್ನು ಕೇಳಲಿ?

ಉಳ್ಳಾಲದವ:
ನಾನು ಸದಕಾ ಹಾಕುತ್ತೇನೆ, ಝಕಾತ್ ಹಾಕುವುದಿಲ್ಲ. ಸದಕಾ ಅಂದರೆ ಮನಸ್ಸಿನಿಂದ ಕೊಡುವ ದಾನ, ಎಷ್ಟಾದರೂ ಕೊಡಬಹುದು, ಯಾರಿಗಾದರೂ ಕೊಡಬಹುದು. ಝಕಾತ್ ಹಾಗಲ್ಲ, ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ದಾಟಿದ ಹಣ ಒಂದು ವರ್ಷ ಕೈಯಲ್ಲಿದ್ದರೆ ನೂರಕ್ಕೆ ಎರಡೂವರೆ, ಅದೂ ಕುರ್‌ಆನಿನ ತೌಬಾ ಸೂರಾದ 60ನೇ ಆಯತ್ತಿನಲ್ಲಿ ಹೇಳಿದ 8 ವರ್ಗದವರಿಗೇ ಸೇರಬೇಕು. ಜೊತೆಗೆ ನಮ್ಮ ಶಾಫಿಈ ಮದ್‌ಹಬಿನಲ್ಲಿ (ಧರ್ಮಶಾಸ್ತ್ರದ ಪಂಥದಲ್ಲಿ) ಹಣ ಇರುವ ಊರಿನ ಬಡವರಿಗೇ ಕೊಡಬೇಕು ಎಂಬ ಮಾತು ಬಲವಾಗಿದೆ. ದೊಡ್ಡ ಆಸ್ಪತ್ರೆ ಬಿಲ್ ತೋರಿಸಿದ ಮಾತ್ರಕ್ಕೆ ಬಡವರು ಅಂತ ಹೇಗೆ ನಂಬುವುದು?

ಶಿವಮೊಗ್ಗ_ಟೀಚರ್:
ಭಾಯ್, ಬಿಲ್ ಬಂದ ಮೇಲೆ ಬಡವರಾದವರನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ತಂಗಿಯ ಗಂಡನಿಗೆ ಕಿಡ್ನಿ ಹೋದಾಗ ಮೊದಲು ಬಳೆ ಅಡವಿಗೆ ಹೋಯಿತು, ಆಮೇಲೆ ಆಟೋ ಮಾರಿದರು, ಕೊನೆಗೆ ಬಡ್ಡಿ ಸಾಲ. ಮಸೀದಿ ಜಮಾಅತ್‌ನವರು ಕೈಲಾದಷ್ಟು ಕೊಟ್ಟರು. ಉಳಿದದ್ದು ಆನ್‌ಲೈನ್‌ನಲ್ಲಿ ಬಂತು, ಮುಖ ನೋಡದವರಿಂದ. ಸಾಲದಲ್ಲಿ ಮುಳುಗಿದವರೂ ಆ ಎಂಟರಲ್ಲಿ ಇದ್ದಾರೆ ಅಲ್ವಾ? ಮಸೀದಿ ಬಾಗಿಲಲ್ಲಿ ಕೈ ಚಾಚಲು ಅವಳಿಗೆ ಆಗುತ್ತಿರಲಿಲ್ಲ.

ಉಳ್ಳಾಲದವ:
ಅಕ್ಕ, ನೋವಾಗಿದ್ದರೆ ಕ್ಷಮಿಸಿ. ಅಂಥವರಿಗೆ ಸಿಗಲೇಬೇಕು. ನನ್ನ ಸಂಶಯ ಮಧ್ಯದವರ ಮೇಲೆ, ಅಂದರೆ ಹಣ ಕೂಡಿಸುವ ವೆಬ್‌ಸೈಟಿನವರ ಮೇಲೆ. ಒಮ್ಮೆ 5,000 ಹಾಕಲು ಹೋದೆ, ತಮಗೆ ಟಿಪ್ ಅಂತ ಮೊದಲೇ ಸೇರಿಸಿಟ್ಟಿದ್ದರು. ಅದೂ ಝಕಾತ್ ಲೆಕ್ಕಕ್ಕೆ ಬರುತ್ತಾ?

ಲೆಕ್ಕದವ_ಬೆಂಗಳೂರು:
ಟಿಪ್ ಝಕಾತ್ ಅಲ್ಲ, ಬೇರೆಯೇ ಹಣ. ಬೇಡ ಅನಿಸಿದರೆ ಸೊನ್ನೆ ಮಾಡುವ ಅವಕಾಶ ಇದೆಯಾ ನೋಡಿ. ಕೆಲವು ಕಡೆ ಸೇರಿದ ಹಣದಿಂದಲೇ ಫೀಸ್ ಕಡಿಯುತ್ತಾರೆ, ಅಲ್ಲಿ ಜಾಸ್ತಿ ಎಚ್ಚರ ಬೇಕು. ಝಕಾತ್ ಸಂಗ್ರಹಿಸುವವರೂ ಎಂಟರಲ್ಲಿ ಇದ್ದಾರೆ ನಿಜ, ಆದರೆ ಅದು ಮುಸ್ಲಿಂ ಆಡಳಿತ ನೇಮಿಸಿದವರಿಗೆ ಮಾತ್ರ ಅನ್ನುವ ಉಲಮಾಗಳು (ಧರ್ಮ ವಿದ್ವಾಂಸರು) ಬಹಳ. ಕಂಪನಿಯ ಫೀಸನ್ನು ಅದರಲ್ಲಿ ಸೇರಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು, ಹಣ ಬಡವನ ಸ್ವಂತ ಆಗಬೇಕು. ಆಸ್ಪತ್ರೆ ಕಟ್ಟಡಕ್ಕೆ ಕೊಟ್ಟರೆ ಅದು ಸದಕಾ, ನಮ್ಮ ಹನಫಿ ಮದ್‌ಹಬಿನಲ್ಲಿ ಝಕಾತ್ ಆಗುವುದಿಲ್ಲ. ಹಾಗಂತ ಎಲ್ಲರ ಮೇಲೂ ಸಂಶಯ ಪಡುವುದು ಬೇಡ. ಮಿಲಾಪ್ ಎಂಬ ಕ್ರೌಡ್‌ಫಂಡಿಂಗ್ ವೇದಿಕೆ ನಮ್ಮ ಬೆಂಗಳೂರಿನದೇ, 2010ರಿಂದ ಇದೆ. ವೇದಿಕೆ ಒಳ್ಳೆಯದಿದ್ದರೂ ರೋಗಿಯ ಮನೆ ಸ್ಥಿತಿ ನಾವೇ ವಿಚಾರಿಸಬೇಕು, ಅಷ್ಟೇ.

ಶಿವಮೊಗ್ಗ_ಟೀಚರ್:
ವಿಚಾರಿಸಿ, ಖಂಡಿತ ವಿಚಾರಿಸಿ. ನಮಗೂ ಮೂವರು ಫೋನ್ ಮಾಡಿದ್ದರು, ಬೇಸರ ಆಗಲಿಲ್ಲ. ಸುಮ್ನೆ ಲಿಂಕ್ ಮುಚ್ಚಿ ಹೋಗಬೇಡಿ.

ದಮ್ಮಾಮ್_ಕನ್ನಡಿಗ:
ಆ ಮಗುವಿಗೆ ಈಗಲೇ ಸದಕಾ ಹಾಕುತ್ತೇನೆ ಅಕ್ಕ. ನಾಳೆ ಡ್ಯೂಟಿ ಮುಗಿದ ಮೇಲೆ ಅವರ ಅಪ್ಪನಿಗೆ ಫೋನ್ ಮಾಡುತ್ತೇನೆ. ಝಕಾತ್ ವಿಷಯ ಉಸ್ತಾದರ ಹತ್ತಿರವೂ ಕೇಳಿ ಇಲ್ಲೇ ತಿಳಿಸುತ್ತೇನೆ.